ನಲ್ಲಿಯ ಬಾಯಿಂದ ತಾರಸಿಯವರೆಗೆ

ಮುಂಬಯಿಯ ಪವಾಯಿಯಲ್ಲಿ ಅಡುಗೆಮನೆಯ ನಲ್ಲಿಯ ನೀರು ನೂಲಿನೆಳೆಯಂತೆ ಸಣ್ಣಗಾದಾಗ ಬೈಗುಳದ ಮೊದಲ ಪಾಲು ಮಹಾನಗರಪಾಲಿಕೆಗೆ ಸಲ್ಲುವುದು ವಾಡಿಕೆಯಾದರೂ, ಬಹುಮಹಡಿ ಕಟ್ಟಡಗಳ ಮಟ್ಟಿಗೆ ಈ ಆರೋಪ ಹೆಚ್ಚಿನ ಸಲ ಗುರಿ ತಪ್ಪುತ್ತದೆ. ಪಾಲಿಕೆಯ ನೀರು ದಿನದಲ್ಲಿ ಕೆಲವೇ ಗಂಟೆಗಳ ಕಾಲ ಬಂದು ಕಟ್ಟಡದ ಬುಡದಲ್ಲಿರುವ ಸಂಪಿನಲ್ಲಿ, ಅಂದರೆ ನೆಲದಡಿಯ ತೊಟ್ಟಿಯಲ್ಲಿ ಸಂಗ್ರಹವಾಗುತ್ತದೆ. ಅಲ್ಲಿಂದ ಪಂಪು ಅದನ್ನು ತಾರಸಿಯ ಟ್ಯಾಂಕಿಗೆ ಏರಿಸುತ್ತದೆ. ಮನೆಮನೆಗೆ ಇಳಿಯುವುದು ಆ ಟ್ಯಾಂಕಿನ ನೀರು. ಹೀಗಾಗಿ ರಸ್ತೆಯಡಿಯ ಕೊಳವೆಯಲ್ಲಿರುವ ಒತ್ತಡವು ಸಂಪಿನ ಬಾಯಲ್ಲೇ ಕೊನೆಗೊಳ್ಳುತ್ತದೆ. ನಲ್ಲಿಯಲ್ಲಿ ಕಾಣುವ ರಭಸವು ಕಟ್ಟಡದ್ದೇ ಸ್ವಂತ ಸಂಪಾದನೆಯಾಗಿರುವುದರಿಂದ ಅದು ಕುಂದಿದಾಗ ಕಾರಣವನ್ನು ಹುಡುಕಬೇಕಾದದ್ದೂ ಕಟ್ಟಡದೊಳಗೇ.

ಪವಾಯಿಯ ಸನ್ನಿವೇಶದಲ್ಲಿ ಒಂದು ವಿಚಿತ್ರವಿದೆ. ಮುಂಬಯಿಗೆ ಮೊದಲ ಬಾರಿಗೆ ಕೊಳವೆಯ ನೀರನ್ನು ಕೊಟ್ಟ, 1860ರಲ್ಲಿ ಪೂರ್ಣಗೊಂಡ ವಿಹಾರ್ ಸರೋವರವು ಇದರ ನೆರೆಯಲ್ಲೇ ಇದೆ. ಏಳು ಜಲಾಶಯಗಳಿಂದ ನಗರಕ್ಕೆ ದಿನವೊಂದಕ್ಕೆ ಹರಿಯುವ ಸುಮಾರು 385 ಕೋಟಿ ಲೀಟರ್ ನೀರಿನ ಬಹುಪಾಲು ಶುದ್ಧಗೊಳ್ಳುವ ಭಾಂಡುಪ್ ಸಂಕೀರ್ಣವೂ ದೂರವಿಲ್ಲ. 1890ರ ಸುಮಾರಿಗೆ ಕಟ್ಟಿದ ಪವಾಯಿ ಕೆರೆಯಂತೂ ಕಿಟಕಿ ತೆರೆದರೆ ಕಾಣುತ್ತದೆ. ತುಂಬಿದಾಗ 545 ಕೋಟಿ ಲೀಟರ್ ಹಿಡಿಯುವ ಅದರ ನೀರು ಕುಡಿಯಲು ಯೋಗ್ಯವಲ್ಲದ ಕಾರಣ ಕಾರ್ಖಾನೆಗಳ ಬಳಕೆಗೆ ಹೋಗುತ್ತದೆ. ಸಮುದ್ರದ ನಂಟಸ್ತನ, ಉಪ್ಪಿಗೆ ಬಡತನ ಎಂಬ ಗಾದೆ ಇಲ್ಲಿಗೆ ಒಪ್ಪುವಂತೆ ಕಂಡರೂ ಪೂರ್ತಿ ಒಪ್ಪುವುದಿಲ್ಲ, ಏಕೆಂದರೆ ನಲ್ಲಿಯ ಧಾರೆಗೆ ಕೆರೆಯ ಸಾಮೀಪ್ಯದಿಂದ ಯಾವ ಲಾಭವೂ ಇಲ್ಲ. ಅದಕ್ಕೆ ಬೇಕಾದದ್ದು ಎತ್ತರ.

ನಿಂತ ನೀರಿನ ಮಟ್ಟವು ನಲ್ಲಿಗಿಂತ ಎಷ್ಟು ಮೇಲಿದೆಯೋ ಅಷ್ಟು ಒತ್ತಡ ನಲ್ಲಿಯಲ್ಲಿ ಹುಟ್ಟುತ್ತದೆ. ಹತ್ತು ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಒಂದು ಕಿಲೋದಷ್ಟು ಒತ್ತಡ ಎಂಬುದು ಪ್ಲಂಬರುಗಳ ಸ್ಥೂಲ ಲೆಕ್ಕ. ಟ್ಯಾಂಕಿನಿಂದ ಕೇವಲ ಮೂರು ಮೀಟರ್ ಕೆಳಗಿರುವ ಕೊನೆಯ ಮಹಡಿಯ ನಲ್ಲಿಗೆ ಸಿಗುವುದು ಇದರ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಅದೇ ಕಟ್ಟಡದಲ್ಲಿ ಹನ್ನೆರಡು ಮಹಡಿ ಕೆಳಗಿನ ಮನೆಗೆ ಸುಮಾರು ಹದಿಮೂರು ಪಟ್ಟು ಒತ್ತಡ ಸಿಗುತ್ತದೆ. ಹರಿವು ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿ ಏರುವುದರಿಂದ, ಇಬ್ಬರೂ ಒಂದೇ ಬಗೆಯ ನಲ್ಲಿಯನ್ನು ಪೂರ್ತಿ ತಿರುಗಿಸಿದರೂ ಕೆಳಗಿನವರ ಬಕೆಟ್ಟು ಮೇಲಿನವರದಕ್ಕಿಂತ ಮೂರೂವರೆ ಪಟ್ಟು ಬೇಗ ತುಂಬೀತು. ಪವಾಯಿಯಲ್ಲಿ ಬಂಟರ ಸಂಘದ ಎಸ್.ಎಂ. ಶೆಟ್ಟಿ ಶಿಕ್ಷಣ ಸಂಸ್ಥೆಗಳ ಆಸುಪಾಸಿನಲ್ಲಿ ನೆಲೆಸಿದ ಕರಾವಳಿ ಮೂಲದವರಿಗೆ ಇದು ಹೊಸತಾಗಬೇಕಿಲ್ಲ: ಊರಿನ ಮನೆಯಲ್ಲಿ ಬಚ್ಚಲಿನ ಮಾಡಿಗಿಂತ ತುಸುವೇ ಎತ್ತರದಲ್ಲಿ ಕೂರಿಸಿದ ಟ್ಯಾಂಕಿನ ನೀರು ಹೇಗೆ ಮೆಲ್ಲಗೆ ಬೀಳುತ್ತದೆಯೋ, ಮಹಾನಗರದ ಗೋಪುರದ ತುತ್ತತುದಿಯ ಮನೆಯಲ್ಲೂ ಹಾಗೆಯೇ ಬೀಳುತ್ತದೆ. ಹೆಚ್ಚು ಬೆಲೆ ತೆತ್ತು ಕೊಂಡ ಮೇಲ್ಮಹಡಿಗೆ ಕಡಿಮೆ ನೀರು ಎಂಬುದು ಬಿಲ್ಡರರ ಕರಪತ್ರಗಳಲ್ಲಿ ಅಚ್ಚಾಗದ ಮಾತು. ಇಂಥ ಮನೆಗಳಿಗೆ ಪ್ರೆಶರ್ ಪಂಪು ಅಳವಡಿಸುವುದೊಂದೇ ದಾರಿಯಾಗಿದ್ದು, ಎಷ್ಟು ನಲ್ಲಿ ಬದಲಿಸಿದರೂ ಪ್ರಯೋಜನವಿಲ್ಲ.

ಆದರೆ ನಿನ್ನೆಯವರೆಗೆ ಚೆನ್ನಾಗಿ ಬರುತ್ತಿದ್ದ ನೀರು ಸಣ್ಣಗಾದರೆ ಎತ್ತರವನ್ನು ದೂರುವಂತಿಲ್ಲ. ನಡುವೆ ಎಲ್ಲೋ ಅಡಚಣೆ ಸೇರಿದೆ. ಅದು ಎಲ್ಲಿದೆ ಎಂಬುದನ್ನು ಪಾನಾ ಕೈಗೆತ್ತಿಕೊಳ್ಳುವ ಮೊದಲೇ ಬಹುಮಟ್ಟಿಗೆ ಊಹಿಸಬಹುದು. ಒಂದೇ ನಲ್ಲಿ ಸೊರಗಿದ್ದರೆ ದೋಷ ಆ ನಲ್ಲಿಯಲ್ಲಿ ಅಥವಾ ಅದರ ಬುಡದಲ್ಲಿದೆ. ಬಿಸಿನೀರು ಮಾತ್ರ ಸೊರಗಿದ್ದರೆ ಗೀಸರಿನ ದಾರಿಯಲ್ಲಿದೆ. ಇಡೀ ಮನೆ ಸೊರಗಿ ಪಕ್ಕದ ಮನೆ ಚೆನ್ನಾಗಿದ್ದರೆ ಮನೆಯೊಳಗೆ ನೀರನ್ನು ಬಿಡುವ ವಾಲ್ವಿನಲ್ಲಿದೆ. ಮೇಲೆಕೆಳಗಿನ ಮನೆಗಳೆಲ್ಲ ಒಟ್ಟಿಗೆ ಸೊರಗಿದ್ದರೆ ತಾರಸಿಯಿಂದ ಇಳಿಯುವ ಪೈಪಿನಲ್ಲಿದೆ. ಹೊತ್ತು ಕೂಡ ಸಾಕ್ಷಿ ನುಡಿಯುತ್ತದೆ. ಬೆಳಗ್ಗೆ ಏಳರಿಂದ ಒಂಬತ್ತರವರೆಗೆ ಮಾತ್ರ ಧಾರೆ ಕುಗ್ಗಿ ಮಧ್ಯಾಹ್ನ ಸರಿಹೋಗುವುದಾದರೆ ಕಸ ಕಟ್ಟಿಕೊಂಡಿರುವುದಕ್ಕಿಂತ, ಎಲ್ಲರೂ ಒಮ್ಮೆಲೇ ಸ್ನಾನಕ್ಕಿಳಿಯುವ ಹೊತ್ತಿಗೆ ಸಾಲದಷ್ಟು ಸಪೂರವಾದ ಪೈಪು ಹಾಕಿರುವ ಸಂಭವವೇ ಹೆಚ್ಚು.

ಒಂದೇ ನಲ್ಲಿಯ ಪ್ರಕರಣಗಳಲ್ಲಿ ಬಹುತೇಕ ಏರೇಟರಿನಲ್ಲೇ ಮುಗಿಯುತ್ತವೆ. ನಲ್ಲಿಯ ಬಾಯಿಗೆ ತಿರುಪಿ ಕೂರಿಸಿದ, ಎರಡು ಮೂರು ಪದರದ ಜರಡಿಯಿರುವ ಈ ಪುಟ್ಟ ಬಿಲ್ಲೆ ನೀರಿಗೆ ಗಾಳಿ ಬೆರೆಸಿ, ಕಡಿಮೆ ನೀರಿನಲ್ಲೇ ದಪ್ಪ ಧಾರೆಯ ಭಾಸ ಹುಟ್ಟಿಸುತ್ತದೆ; 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ಅಪಾರ್ಟ್‌ಮೆಂಟು ಹಾಗೂ ವಾಣಿಜ್ಯ ಕಟ್ಟಡಗಳಲ್ಲಿ ಕಡ್ಡಾಯಗೊಳಿಸಿದ್ದು ಇದನ್ನೇ. ಅದನ್ನು ಬಿಚ್ಚುವ ಮುನ್ನ ಸಿಂಕಿನ ತೂತಿಗೆ ಬಟ್ಟೆ ತುರುಕುವುದು ಒಳ್ಳೆಯದು, ಇಲ್ಲವಾದರೆ ಬಳೆಯಷ್ಟು ತೆಳುವಾದ ರಬ್ಬರ್ ವಾಷರು ಮೊದಲು ಜಾರಿ ಬೀಳುವುದು ಅಲ್ಲಿಗೇ. ಪಾನಾದ ಹಲ್ಲಿಗೂ ನಲ್ಲಿಯ ಹೊಳಪಿಗೂ ನಡುವೆ ಹಳೆಯ ಬಟ್ಟೆಯ ಪಟ್ಟಿ ಇರಬೇಕು. ಬಿಚ್ಚಿದ ಜರಡಿಯನ್ನು ಅಂಗೈಯಲ್ಲಿ ತಟ್ಟಿದರೆ ಸಾಸಿವೆ ಗಾತ್ರದ ಮರಳು, ಕಂದು ತುಕ್ಕಿನ ಹಕ್ಕಳೆ, ಸವೆದ ವಾಷರಿನ ಕರಿಯ ಚೂರು, ಪ್ಲಂಬರು ಹಿಂದೊಮ್ಮೆ ಸುತ್ತಿದ ಬಿಳಿಯ ಟೆಫ್ಲಾನ್ ಟೇಪಿನ ಎಳೆ, ಎಲ್ಲವೂ ಬೀಳುತ್ತವೆ. ಕಟ್ಟಡದ ಆರೋಗ್ಯವನ್ನು ಇದಕ್ಕಿಂತ ಅಗ್ಗದಲ್ಲಿ ಹೇಳುವ ಪರೀಕ್ಷೆ ಬೇರೊಂದಿಲ್ಲ. ತುಕ್ಕೇ ಹೆಚ್ಚಿದ್ದರೆ ಪೈಪಿನ ಕಡೆಗೂ ಮರಳೇ ಹೆಚ್ಚಿದ್ದರೆ ಟ್ಯಾಂಕಿನ ತಳದ ಕಡೆಗೂ ಗಮನ ಹರಿಸಬೇಕಾಗುತ್ತದೆ. ಮುಂಬಯಿಗೆ ಬರುವುದು ಮಳೆ ತುಂಬಿದ ಜಲಾಶಯಗಳ ಮೆದು ನೀರಾದ ಕಾರಣ ಬೆಂಗಳೂರಿನ ಕೊಳವೆಬಾವಿ ನೀರಿನಷ್ಟು ಬಿಳಿಯ ಸುಣ್ಣದ ಪೊರೆ ಇಲ್ಲಿ ಕಟ್ಟುವುದಿಲ್ಲವಾದರೂ, ಬೇಸಿಗೆಯಲ್ಲಿ ಟ್ಯಾಂಕರಿನ ಬಾವಿ ನೀರು ಬೆರೆಯುವ ಸೊಸೈಟಿಗಳಲ್ಲಿ ಅದೂ ಕಾಣಿಸಿಕೊಳ್ಳುತ್ತದೆ. ಬಿಳಿಯ ವಿನಿಗರಿನಲ್ಲೋ ನಿಂಬೆರಸದಲ್ಲೋ ಒಂದು ಗಂಟೆ ನೆನೆಸಿ ಹಳೆಯ ಟೂತ್‌ಬ್ರಶ್ಶಿನಿಂದ ಉಜ್ಜಿದರೆ ಪೊರೆ ಬಿಡುತ್ತದೆ. ಶೌಚಾಲಯ ತೊಳೆಯುವ ಆ್ಯಸಿಡ್ ಹಾಕಿದರೆ ಪೊರೆಯ ಜೊತೆಗೆ ನಲ್ಲಿಯ ಕ್ರೋಮಿಯಂ ಲೇಪವೂ ಹೊರಟುಹೋಗುತ್ತದೆ. ಜರಡಿಯನ್ನು ಮರಳಿ ಹಾಕುವ ಮೊದಲು ನಲ್ಲಿಯನ್ನು ಬರಿಬಾಯಿಯಲ್ಲಿ ಅರ್ಧ ನಿಮಿಷ ಹರಿಯಬಿಡುವುದನ್ನು ಅನೇಕರು ಮರೆಯುತ್ತಾರೆ. ಆಗ ಪೈಪಿನಲ್ಲಿ ಉಳಿದ ಕಸ ಮರುದಿನವೇ ಮತ್ತೆ ಅಲ್ಲಿ ಬಂದು ಕೂರುತ್ತದೆ.

ಜರಡಿ ತೆಗೆದ ಮೇಲೂ ಧಾರೆ ಏಳದಿದ್ದರೆ ಸಿಂಕಿನ ಕೆಳಗಿನ ಆಂಗಲ್ ಕಾಕನ್ನು, ಅಂದರೆ ಗೋಡೆಯಿಂದ ನಲ್ಲಿಗೆ ನೀರು ಬಿಡುವ ಪುಟ್ಟ ತಿರುಪನ್ನು ನೋಡಬೇಕು; ಸಿಂಕಿನಡಿ ಡಬ್ಬ ಒತ್ತಿ ಇಡುವಾಗ ಅದು ತಾನಾಗಿ ಅರ್ಧ ತಿರುಗಿರುವುದುಂಟು. ಇದಕ್ಕಿಂತ ಕಪಟಿಯೆಂದರೆ ಹಳೆಯ ಗೇಟ್ ವಾಲ್ವು. ಅದರ ಒಳಗಿನ ಹಿತ್ತಾಳೆಯ ತಟ್ಟೆಯನ್ನು ಕೈಚಕ್ರಕ್ಕೆ ಜೋಡಿಸುವ ಕೊಕ್ಕೆ ಸವೆದು ಕಳಚಿದಾಗ ಚಕ್ರವು ಎಷ್ಟು ಬೇಕಾದರೂ ಸಲೀಸಾಗಿ ತಿರುಗುತ್ತದೆ, ತೆರೆದುಕೊಂಡ ನಂಬಿಕೆಯನ್ನೂ ಹುಟ್ಟಿಸುತ್ತದೆ, ಆದರೆ ತಟ್ಟೆ ಮಾತ್ರ ಕೆಳಗೆ ಬಿದ್ದು ದಾರಿಯನ್ನು ಮುಕ್ಕಾಲು ಪಾಲು ಮುಚ್ಚಿಕೊಂಡಿರುತ್ತದೆ. ಇಂಥ ವಾಲ್ವನ್ನು ರಿಪೇರಿ ಮಾಡುವುದಕ್ಕಿಂತ ಬಾಲ್ ವಾಲ್ವು ಹಾಕುವುದು ಲೇಸು. ಟ್ಯಾಂಕು ತೊಳೆದ ಮರುದಿನ ಬುಸುಗುಟ್ಟಿ ನಿಲ್ಲುವ ನೀರಿಗೆ ಕಾರಣ ಬೇರೆ: ಖಾಲಿಯಾದ ಪೈಪಿನ ಬಾಗುಗಳಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ, ಎಲ್ಲ ನಲ್ಲಿಗಳನ್ನೂ ಕೆಲಹೊತ್ತು ತೆರೆದಿಟ್ಟರೆ ಅದು ಹೊರಬೀಳುತ್ತದೆ.

ಪಾಲಿಕೆಯ ಕೊಳವೆಯಿಂದ ನೇರವಾಗಿ ನೀರು ಹಿಡಿಯುವ ಗುಡ್ಡದ ಇಳಿಜಾರಿನ ವಸತಿಗಳಿಗೆ ಮಾತ್ರ ಕಾರಣವನ್ನು ಕಟ್ಟಡದೊಳಗೇ ಹುಡುಕಬೇಕೆಂಬ ಈ ವಿವೇಚನೆ ಹೊಂದುವುದಿಲ್ಲ. ಅಲ್ಲಿ ದೂರು ಪಾಲಿಕೆಗೇ ಸಲ್ಲಬೇಕು. ಅಂಥಲ್ಲಿ ಕೊಳವೆಗೆ ನೇರ ಮೋಟರು ಹಚ್ಚಿ ನೀರೆಳೆಯುವವರು ನೆರೆಯವರ ಪಾಲನ್ನು ಕಸಿಯುವುದಷ್ಟೇ ಅಲ್ಲದೆ, ಕೊಳವೆಯ ಬಿರುಕುಗಳ ಮೂಲಕ ಸುತ್ತಲಿನ ಕೊಳಚೆಯನ್ನೂ ಒಳಗೆಳೆದುಕೊಳ್ಳುವ ಅಪಾಯವಿದೆ.

ಹಳೆಯ ಕಟ್ಟಡಗಳಲ್ಲಿ ಶೋಧವು ಕೊನೆಗೆ ಬಂದು ನಿಲ್ಲುವುದು ಜಿ.ಐ. ಪೈಪಿನಲ್ಲಿ, ಅಂದರೆ ಸತುವಿನ ಲೇಪವಿರುವ ಕಬ್ಬಿಣದ ಪೈಪಿನಲ್ಲಿ. ಲೇಪ ಸವೆದ ಬಳಿಕ ಒಳಗೋಡೆಯ ಮೇಲೆ ತುಕ್ಕು ಗಂಟುಗಂಟಾಗಿ ಬೆಳೆಯುತ್ತ ಹೋಗಿ ಅರ್ಧ ಇಂಚಿನ ದಾರಿಯನ್ನು ಕಾಲು ಇಂಚಿಗೆ ತರುತ್ತದೆ. ದಾರಿ ಅರ್ಧವಾದರೆ ಹರಿವು ಅರ್ಧವಾಗದೆ, ಅದೇ ಒತ್ತಡದಲ್ಲಿ ಸುಮಾರು ಆರನೇ ಒಂದು ಪಾಲಿಗೆ ಇಳಿಯುತ್ತದೆ. ಇದಕ್ಕೆ ವಿನಿಗರೂ ಇಲ್ಲ, ಬ್ರಶ್ಶೂ ಇಲ್ಲ, ಸಿ.ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ಕಿನ ಪೈಪು ಹಾಕಿಸಬೇಕು. ಖರ್ಚು ಎಲ್ಲರ ತಲೆಗೆ ಹಂಚಿಕೆಯಾಗುವುದರಿಂದ ಕೆಳಮಹಡಿಯವರು ತಮಗೆ ನೀರು ಬರುತ್ತಿದೆಯಲ್ಲ ಎಂದು ತಕರಾರು ತೆಗೆಯುವುದು ಸಹಜ. ಅಂಥ ಸಂದರ್ಭದಲ್ಲಿ ಅನುಭವಿ ಪ್ಲಂಬರುಗಳು ಹಳೆಯ ಪೈಪಿನ ಗೇಣುದ್ದದ ತುಂಡೊಂದನ್ನು ಕೊಯ್ದು, ಪೆನ್ಸಿಲು ತೂರದಷ್ಟು ಕಿರಿದಾದ ಅದರ ಬಾಯನ್ನು ಮೇಲೆ ಮಾಡಿ, ಸೊಸೈಟಿಯ ಸಭೆಯ ಮೇಜಿನ ಮೇಲೆ ನಿಲ್ಲಿಸುತ್ತಾರೆ.