ಕಾಲರೇಖೆ

ಕಾಲರೇಖೆ ಎಂದರೆ ಘಟನೆಗಳನ್ನು ಅವು ನಡೆದ ಕ್ರಮದಲ್ಲಿ, ಕಾಲದ ಅಂತರಕ್ಕೆ ತಕ್ಕಷ್ಟು ದೂರವಿಟ್ಟು, ಒಂದು ಗೆರೆಯ ಮೇಲೆ ಗುರುತಿಸಿದ ಚಿತ್ರ. ಶಾಸನ, ಗೆಜೆಟಿಯರ್, ಸರ್ಕಾರಿ ಆದೇಶ ಮುಂತಾದ ಆಕರಗಳಿಂದ ಘಟನೆ, ಸ್ಥಳ ಮತ್ತು ಕಾಲದ ವಿವರಗಳನ್ನು ಆಯ್ದು ಇದನ್ನು ರಚಿಸಲಾಗುತ್ತದೆ. ಆಕರದಲ್ಲಿ ಇಲ್ಲದ ನಿಖರತೆಯನ್ನು ಚಿತ್ರವು ತೋರಿಸಬಾರದು ಎಂಬುದು ಇದರ ಮುಖ್ಯ ನಿಯಮ.

ಸ್ಥಳದ ವಿವರ

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಶಾಸನಗಳನ್ನು ಉದಾಹರಣೆಯಾಗಿ ನೋಡಬಹುದು. ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಚನ್ನಗಿರಿ, ಹೊನ್ನಾಳಿಗಳ ಶಾಸನಗಳು ಶಿವಮೊಗ್ಗ ಜಿಲ್ಲೆಯ 7ನೇ ಸಂಪುಟದಲ್ಲಿಯೂ ಜಗಳೂರಿನವು ಚಿತ್ರದುರ್ಗ ಜಿಲ್ಲೆಯ 11ನೇ ಸಂಪುಟದಲ್ಲಿಯೂ ಇವೆ. ದಾವಣಗೆರೆ ಜಿಲ್ಲೆ ರಚನೆಯಾದದ್ದು 1997ರ ಆಗಸ್ಟ್ 15ರಂದು. ನ್ಯಾಮತಿ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದದ್ದು ಅದಕ್ಕೂ ಈಚೆಗೆ. ಆದ್ದರಿಂದ ಮಾಹಿತಿಯ ಪಟ್ಟಿಯಲ್ಲಿ ಊರು, ಆಕರದಲ್ಲಿರುವ ತಾಲ್ಲೂಕು ಮತ್ತು ಇಂದಿನ ತಾಲ್ಲೂಕು ಇವುಗಳಿಗೆ ಬೇರೆ ಬೇರೆ ಕಲಂಗಳಿರಬೇಕು. ಇಲ್ಲವಾದರೆ ಹೊನ್ನಾಳಿಯ ಹೆಸರಿನಲ್ಲಿ ದಾಖಲಾದ ಶಾಸನಗಳು ಬಿಟ್ಟುಹೋಗಿ, ನ್ಯಾಮತಿಗೆ ಪ್ರಾಚೀನ ಇತಿಹಾಸವೇ ಇಲ್ಲವೆಂಬ ತಪ್ಪು ಕಲ್ಪನೆ ಮೂಡುತ್ತದೆ.

ಕಾಲದ ಪರಿವರ್ತನೆ

ಶಕವರ್ಷಕ್ಕೆ ಸಾಮಾನ್ಯವಾಗಿ 78ನ್ನು ಕೂಡಿಸಿದರೆ ಕ್ರಿಸ್ತಶಕದ ವರ್ಷ ದೊರೆಯುತ್ತದೆ. ಉದಾಹರಣೆಗೆ ಶಕ 1490 ಎಂದರೆ ಕ್ರಿ.ಶ. 1568. ವರ್ಷಾಂತ್ಯದ ಮಾಘ, ಫಾಲ್ಗುಣ ಮಾಸಗಳಾದರೆ 79ನ್ನು ಕೂಡಿಸಬೇಕು. ಸಂವತ್ಸರದ ಹೆಸರು ಮಾತ್ರ ಇದ್ದರೆ ಕಾಲನಿರ್ಣಯ ಕಷ್ಟ. ಸಂವತ್ಸರಗಳು 60 ವರ್ಷಗಳಿಗೊಮ್ಮೆ ಮರಳುವುದರಿಂದ ಪ್ರಭವ ಸಂವತ್ಸರವು 1867, 1927, 1987 ಈ ಮೂರರಲ್ಲೂ ಆರಂಭವಾಗಿದೆ. ಅರಸನ ಹೆಸರು ಅಥವಾ ಲಿಪಿಯ ಸ್ವರೂಪದಿಂದ ಒಂದನ್ನು ಆರಿಸಲಾಗದಿದ್ದಲ್ಲಿ ಸಾಧ್ಯವಿರುವ ಎಲ್ಲ ವರ್ಷಗಳನ್ನೂ ಗುರುತಿಸಬೇಕು.

ಅನಿಶ್ಚಿತ ಕಾಲದ ನಿರೂಪಣೆ

ಜಿಲ್ಲೆಯ ರಚನೆಯಂತಹ ಖಚಿತ ದಿನಾಂಕಕ್ಕೆ ಒಂದು ಚುಕ್ಕೆ ಸಾಕು. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನ ಪುಷ್ಕರಣಿ 16ನೇ ಶತಮಾನದ್ದು. ಅದನ್ನು 1501ರಿಂದ 1600ರವರೆಗಿನ ಪಟ್ಟಿಯಾಗಿ ಎಳೆಯಬೇಕೇ ಹೊರತು 1500ರ ಮೇಲೆ ಚುಕ್ಕೆಯಾಗಿ ಇಡಬಾರದು. ಸೂಳೆಕೆರೆಯ (ಶಾಂತಿಸಾಗರ) ನಿರ್ಮಾಣದ ಐತಿಹ್ಯದಂತಹ ಮೌಖಿಕ ಪರಂಪರೆಯ ಸಂಗತಿಗಳನ್ನು ಬೇರೆ ಬಣ್ಣದಲ್ಲಿ ತೋರಿಸುವುದು ಯುಕ್ತ. ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ 1765ರಲ್ಲಿ ಪ್ರಕಟಿಸಿದ ಜೀವನಚರಿತ್ರೆಗಳ ನಕ್ಷೆಯಲ್ಲಿ ಪ್ರತಿಯೊಬ್ಬರ ಆಯುಷ್ಯವನ್ನು ಒಂದು ಗೆರೆಯಾಗಿ ತೋರಿಸಿ, ಜನನ ಅಥವಾ ಮರಣದ ಕಾಲ ಖಚಿತವಿಲ್ಲದೆಡೆ ಚುಕ್ಕೆಗಳನ್ನು ಬಳಸಿದ್ದನು. ಇಂದು ಗಣಕಯಂತ್ರದಲ್ಲಿ ರಚಿಸುವ ಕಾಲರೇಖೆಗಳಿಗೂ ಈ ಕ್ರಮ ಅನ್ವಯಿಸುತ್ತದೆ.