ದುಡಿದು ಗಳಿಸಿದ ಸೊನ್ನೆ

ಆಂಪ್ಲಿಫೈಯರ್ ನಕ್ಷೆಯಲ್ಲಿ ಗ್ರೌಂಡ್ ಎಂದು ಗುರುತಿಸಿದ ಜಾಗಕ್ಕೂ ನಮ್ಮ ಕಾಲಕೆಳಗಿನ ನೆಲಕ್ಕೂ ನಂಟು ಇರಲೇಬೇಕೆಂದಿಲ್ಲ. ಬ್ಯಾಟರಿ ರೇಡಿಯೊಗೆ ಅರ್ಥಿಂಗ್ ಗುಂಡಿ ಬೇಡ, ಆದರೂ ಅದರೊಳಗೆ ಗ್ರೌಂಡ್ ಇದೆ. ವೋಲ್ಟೇಜ್ ಎಂದರೆ ಎರಡು ಬಿಂದುಗಳ ನಡುವಿನ ವ್ಯತ್ಯಾಸ ತಾನೆ? ಬೆಟ್ಟದ ಎತ್ತರಕ್ಕೆ ಸಮುದ್ರಮಟ್ಟ ಹೇಗೋ ಹಾಗೆ, ಇಲ್ಲಿಯೂ ಒಂದು ಬಿಂದುವನ್ನು ಸೊನ್ನೆ ಎಂದು ಒಪ್ಪಿಕೊಂಡಿರುತ್ತೇವೆ. ಆ ಬಿಂದುವಿಗೆ ಇನ್ನೊಂದು ಹೊಣೆಯೂ ಇದೆ: ಕರೆಂಟು ಮೂಲಕ್ಕೆ ಮರಳುವ ದಾರಿ ಅದೇ. ವರ್ಚುವಲ್ ಗ್ರೌಂಡ್ ಎಂಬುದು ಸೊನ್ನೆಯಲ್ಲಿರುವ ಮಟ್ಟಿಗೆ ಗ್ರೌಂಡನ್ನು ಹೋಲುತ್ತದೆ, ಈ ಎರಡನೆಯ ಹೊಣೆ ಹೊರುವುದಿಲ್ಲ. ಅದು ನಿಂತ ನೆಲವಲ್ಲ, ಆಂಪ್ಲಿಫೈಯರ್ ಚಿಪ್ಪು ಕ್ಷಣಕ್ಷಣವೂ ದುಡಿದು ಉಳಿಸಿಕೊಳ್ಳುವ ಸೊನ್ನೆ.

1968ರಲ್ಲಿ ಫೇರ್‌ಚೈಲ್ಡ್ ಕಂಪನಿ ತಂದ 741 ಎಂಬ ಆಪ್-ಆಂಪ್ (ಆಪರೇಶನಲ್ ಆಂಪ್ಲಿಫೈಯರ್) ಚಿಪ್ಪನ್ನೇ ನೋಡೋಣ. ಅದರ 3ನೇ ಕಾಲನ್ನು ಗ್ರೌಂಡ್‌ಗೆ ಸೇರಿಸಿ, 2ನೇ ಕಾಲಿಗೆ 10 ಕಿಲೋಓಮ್ ರೆಸಿಸ್ಟರ್ ಮೂಲಕ ಅರ್ಧ ವೋಲ್ಟ್ ಕೊಡಿ. ಔಟ್‌ಪುಟ್ ಆದ 6ನೇ ಕಾಲಿನಿಂದ 2ನೇ ಕಾಲಿಗೆ 100 ಕಿಲೋಓಮ್ ಹಾಕಿ; ಇದೇ ಫೀಡ್‌ಬ್ಯಾಕ್ ದಾರಿ. ಔಟ್‌ಪುಟ್ ಮೈನಸ್ 5 ವೋಲ್ಟ್‌ಗೆ ಬಂದು ನಿಲ್ಲುತ್ತದೆ. ಚಿಪ್ಪಿನ ಸ್ವಂತ ವರ್ಧನೆ ಸುಮಾರು 2 ಲಕ್ಷ ಪಟ್ಟು. ಹಾಗಾಗಿ 5 ವೋಲ್ಟ್ ಹೊರಡಿಸಲು ಎರಡು ಇನ್‌ಪುಟ್‌ಗಳ ನಡುವೆ 25 ಮೈಕ್ರೋವೋಲ್ಟ್ ವ್ಯತ್ಯಾಸ ಸಾಕು. ನಿಜದ ಚಿಪ್ಪಿನಲ್ಲಿ ಆಫ್‌ಸೆಟ್ ಎಂಬ ಒಂದೆರಡು ಮಿಲಿವೋಲ್ಟ್ ದೋಷವೂ ಇದಕ್ಕೆ ಸೇರುತ್ತದೆ. ಅಷ್ಟಾದರೂ ಸಾಮಾನ್ಯ ಮೀಟರಿಗೆ 2ನೇ ಕಾಲು ಸೊನ್ನೆಯಲ್ಲಿರುವಂತೆಯೇ ಕಾಣುತ್ತದೆ. ಈ ಕಾಲೇ ವರ್ಚುವಲ್ ಗ್ರೌಂಡ್.

ಸೊನ್ನೆಯಲ್ಲೇ ಇದೆಯಲ್ಲ, ಅದನ್ನು ತಂತಿಯಿಂದ ನಿಜವಾದ ಗ್ರೌಂಡ್‌ಗೆ ಸೇರಿಸಿದರೆ ಏನು ತೊಂದರೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರ ಕರೆಂಟಿನಲ್ಲಿದೆ. ಅರ್ಧ ವೋಲ್ಟ್ 10 ಕಿಲೋಓಮ್‌ನಲ್ಲಿ 50 ಮೈಕ್ರೋಆಂಪಿಯರ್ ಹರಿಸುತ್ತದೆ. ಅದು ಚಿಪ್ಪಿನೊಳಗೆ ಹೆಚ್ಚುಕಡಿಮೆ ನುಗ್ಗುವುದೇ ಇಲ್ಲ, ಗ್ರೌಂಡ್‌ಗೂ ಇಳಿಯುವುದಿಲ್ಲ. ಬೇರೆ ದಾರಿಯಿಲ್ಲದೆ 100 ಕಿಲೋಓಮ್ ಮೂಲಕ ಹಾದುಹೋಗಬೇಕು, ಅದಕ್ಕೇ ಅಲ್ಲಿ 5 ವೋಲ್ಟ್ ಬೀಳುತ್ತದೆ. ತಂತಿ ಹಾಕಿದಿರೋ, ಅಷ್ಟೂ ಕರೆಂಟು ಅದರಲ್ಲಿ ಸೋರಿಹೋಗುತ್ತದೆ. ಔಟ್‌ಪುಟ್‌ಗೆ ಇನ್‌ಪುಟ್‌ನ ಸುದ್ದಿಯೇ ಮುಟ್ಟದೆ, ಆಫ್‌ಸೆಟ್ ದೋಷವೊಂದೇ 2 ಲಕ್ಷ ಪಟ್ಟಾಗಿ ಅದು ಒಂದು ಅಂಚಿಗೆ ಹೋಗಿ ಕಚ್ಚಿಕೊಳ್ಳುತ್ತದೆ.

ಹಾಗಾದರೆ ವರ್ಚುವಲ್ ಗ್ರೌಂಡ್ ಬರೀ ಲೆಕ್ಕದ ಅನುಕೂಲವೇ? ಅಲ್ಲ. ಆಡಿಯೊ ಮಿಕ್ಸರ್‌ನಲ್ಲಿ ಹಲವು ಮೈಕುಗಳ ಸಿಗ್ನಲ್ ಇಂಥದೇ ಬಿಂದುವಿನಲ್ಲಿ ಕೂಡುತ್ತದೆ. ಬಿಂದು ಸೊನ್ನೆಯಲ್ಲಿ ಅಲುಗದೆ ನಿಂತಿರುವುದರಿಂದಲೇ ಒಂದು ಚಾನೆಲ್ಲಿನ ಸದ್ದು ಮತ್ತೊಂದಕ್ಕೆ ಹಿಮ್ಮೊಗವಾಗಿ ನುಸುಳುವುದಿಲ್ಲ.

ಆದರೆ ಚಿಪ್ಪಿನ ಶಕ್ತಿಗೂ ಮಿತಿಯಿದೆ. ಮೇಲಿನ 741 ಸರ್ಕ್ಯೂಟಿನಲ್ಲಿ ಇನ್‌ಪುಟ್ 2 ವೋಲ್ಟ್ ಆದರೆ ಔಟ್‌ಪುಟ್ ಮೈನಸ್ 20 ಆಗಬೇಕು. ಪ್ಲಸ್-ಮೈನಸ್ 15 ವೋಲ್ಟ್ ಪೂರೈಕೆಯಲ್ಲಿ ಅದು ಆಗದ ಮಾತು. ಔಟ್‌ಪುಟ್ ಮೈನಸ್ 13ರಲ್ಲಿ ಸಿಕ್ಕಿಕೊಂಡರೆ 2ನೇ ಕಾಲು 0.64 ವೋಲ್ಟ್‌ಗೆ ಏರಿಬಿಡುತ್ತದೆ. ಆವರ್ತನ ಹೆಚ್ಚಿದರೂ ಹಿಡಿತ ಸಡಿಲವಾಗುತ್ತದೆ: 10 ಕಿಲೋಹರ್ಟ್ಸ್‌ನಲ್ಲಿ 741ರ ಸ್ವಂತ ವರ್ಧನೆ ಸುಮಾರು 100 ಪಟ್ಟು ಮಾತ್ರ. ಆದ್ದರಿಂದ ಇಂಥ ಸರ್ಕ್ಯೂಟು ಕೈಕೊಟ್ಟಾಗ ಚಿಪ್ಪನ್ನು ಕಿತ್ತು ಬದಲಿಸುವ ಮುನ್ನ ಮೀಟರನ್ನು 2ನೇ ಕಾಲಿಗೆ ಹಚ್ಚಿ ನೋಡಿ. ಅಲ್ಲಿ ಸೊನ್ನೆ ಇಲ್ಲವೆಂದರೆ ಫೀಡ್‌ಬ್ಯಾಕ್ ಎಲ್ಲೋ ಸೋತಿದೆ.