ನಿಮಗಿದು ಗೊತ್ತೆ? ಶರಾವತಿಯಿಂದ ಆರ್ಕ್ಟಿಕ್‌ಗೆ!

ವಿಶ್ವದ ಮೊದಲ ನಕ್ಷತ್ರಗಳ ಸುಳಿವು ಹುಡುಕಲು 2020ರಲ್ಲಿ ಒಂದು ರೇಡಿಯೊ ದೂರದರ್ಶಕ ನಮ್ಮ ಶರಾವತಿ ಹಿನ್ನೀರಿನ ಮೇಲೆ ತೇಲಿತ್ತು! ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ರೂಪಿಸಿದ ಅದರ ಹೆಸರು 'ಸರಸ್-3'.

ನೀರೇ ಏಕೆ? ನೆಲದಡಿಯ ಕಲ್ಲುಮಣ್ಣಿನ ಪದರಗಳು ಒಂದೇ ತೆರನಾಗಿರುವುದಿಲ್ಲ. ಕ್ಷೀಣ ಸಂಕೇತದ ಅಳತೆಯನ್ನು ಅವು ಕೆಡಿಸುತ್ತವೆ. ನೀರು ಎಲ್ಲೆಡೆ ಒಂದೇ ಸಮ. ಅಂಥ ಸಂಕೇತ ಆಸ್ಟ್ರೇಲಿಯಾದಲ್ಲಿ ಸಿಕ್ಕಿದೆ ಎಂದು 2018ರಲ್ಲಿ ಅಮೆರಿಕದ ತಂಡ ಹೇಳಿತ್ತು. ಶರಾವತಿಯ ಹಿನ್ನೀರು ಮತ್ತು ದಂಡಿಗಾನಹಳ್ಳಿ ಕೆರೆಯಲ್ಲಿ ನಡೆದ ಪ್ರಯೋಗದಲ್ಲಿ ಅದು ಕಾಣಲಿಲ್ಲ. ಈ ಫಲಿತಾಂಶ 2022ರಲ್ಲಿ ಪ್ರಕಟವಾಗಿ ಜಗತ್ತಿನ ಗಮನ ಸೆಳೆಯಿತು.

ಅದೇ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಹೊರಟ ಭಾರತದ ಮೊದಲ ಚಳಿಗಾಲದ ಆರ್ಕ್ಟಿಕ್ ಯಾತ್ರೆಯಲ್ಲೂ ಪಾಲ್ಗೊಂಡಿತು. ಇಂಥ ಖಗೋಳ ವೀಕ್ಷಣೆಗೆ ಸ್ವಾಲ್ಬಾರ್ಡ್‌ ದ್ವೀಪಗಳ ರೇಡಿಯೊ ಪರಿಸರ ಎಷ್ಟು ಶಾಂತವಾಗಿದೆ ಎಂದು ಅಳೆಯುವುದು ಅದರ ಕೆಲಸ. ತಂಡದ ನೆಲೆ, 2008ರಲ್ಲಿ ಆರಂಭವಾದ ಭಾರತದ 'ಹಿಮಾದ್ರಿ' ಕೇಂದ್ರ. ಅದಿರುವ ನ್ಯೂ-ಓಲೆಸುಂಡ್‌ ಊರಿನಲ್ಲಿ ಆಗ ವೈಫೈ, ಬ್ಲೂಟೂತ್ ಎರಡನ್ನೂ ಆರಿಸಿಡಬೇಕಿತ್ತು. ಸೂಕ್ಷ್ಮ ಉಪಕರಣಗಳಿಗೆ ಅಡ್ಡಿಯಾಗಬಾರದೆಂಬ ನಿಯಮವದಾಗಿತ್ತು.

ಹಲವು ದೇಶಗಳ ಕೇಂದ್ರಗಳು ಅಲ್ಲಿ ಅಕ್ಕಪಕ್ಕದಲ್ಲೇ ಇವೆ. ಸ್ವಾಲ್ಬಾರ್ಡ್‌ನ ಸಂಶೋಧನಾ ಯೋಜನೆಗಳ ವಿವರ ಎಲ್ಲರೂ ನೋಡಬಹುದಾದ ಒಂದೇ ದಾಖಲೆಗೆ ಸೇರುತ್ತದೆ. ಯಾರು ಎಲ್ಲಿ ಏನನ್ನು ಅಳೆಯುತ್ತಿದ್ದಾರೆಂದು ಉಳಿದವರಿಗೆ ತಿಳಿಯುತ್ತದೆ. ಅದೇ ಕೆಲಸ ಮತ್ತೆ ಮಾಡುವ ಶ್ರಮ ತಪ್ಪುತ್ತದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ವಿಜ್ಞಾನ ಓದುವವರೂ ಆ ದಾಖಲೆಯನ್ನು ಕುಳಿತಲ್ಲಿಂದಲೇ ನೋಡಬಹುದು.